ಒಕ್ಕಲು ಮತ್ತು ಒಡೆತನ: ಹದಡಿ ಸೀಮೆಯ ನೆಲದ ಚರಿತ್ರೆ

ದಾವಣಗೆರೆಯ ಮುಖ್ಯ ರಸ್ತೆಗಳಲ್ಲೊಂದಕ್ಕೆ ಹದಡಿ ರಸ್ತೆ ಎಂದು ಹೆಸರು. ನಗರದ ಬಹುಮಂದಿಗೆ ಹದಡಿ ಎಂದರೆ ಮೊದಲು ರಸ್ತೆ, ಆಮೇಲೆ ಊರು. ಆ ರಸ್ತೆ ಹಿಡಿದು ದಕ್ಷಿಣಕ್ಕೆ ಸಾಗಿದರೆ ಭದ್ರಾ ನಾಲೆಯ ಅಚ್ಚುಕಟ್ಟು ತೆರೆದುಕೊಳ್ಳುತ್ತದೆ. ಭತ್ತದ ಗದ್ದೆ, ಕಬ್ಬು, ತೆಂಗು, ಈಚಿನ ದಶಕಗಳಲ್ಲಿ ಎಲ್ಲೆಲ್ಲೂ ಅಡಿಕೆ. ಹದಡಿ, ಅದರ ಹೆಸರನ್ನೇ ಹೊತ್ತ ಮುದಹದಡಿ, ಆಸುಪಾಸಿನ ಹತ್ತಾರು ಹಳ್ಳಿಗಳು ಈ ಬಯಲಿನಲ್ಲಿವೆ. ಅರಮನೆಯ ಚರಿತ್ರೆಯಲ್ಲಿ ಇಂಥ ಊರುಗಳಿಗೆ ಪುಟವಿಲ್ಲ. ಆದರೆ ಈ ನೆಲ ಯಾರದು ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಎಂಟುನೂರು ವರ್ಷಗಳಿಗೂ ಮಿಕ್ಕಿ ಉತ್ತರ ಬರೆಯಲಾಗಿದೆ. ಮೊದಲು ಕಲ್ಲಿನ ಮೇಲೆ, ಅನಂತರ ಕಡತದಲ್ಲಿ, ಅದಾದ ಮೇಲೆ ಸರ್ವೆ ಪುಸ್ತಕದಲ್ಲಿ, ಭೂನ್ಯಾಯಮಂಡಳಿಯ ಆದೇಶದಲ್ಲಿ, ಈಗ ಗಣಕಯಂತ್ರದ ಪಹಣಿಯಲ್ಲಿ. ಬರೆಯುವ ಸಾಧನ ಬದಲಾದಾಗಲೆಲ್ಲ ಒಡೆಯನ ಹೆಸರೂ ಬದಲಾಗಿದೆ. ಉಳುವವನ ಹೆಸರು ಮಾತ್ರ ಈ ಬರಹದೊಳಗೆ ತಡವಾಗಿ ಬಂದಿತು, ಬಂದಮೇಲೂ ಗಟ್ಟಿಯಾಗಿ ನಿಲ್ಲಲಿಲ್ಲ.

ಇದಕ್ಕೆ ನಮ್ಮ ಭಾಷೆಯೇ ಮೊದಲ ಸಾಕ್ಷಿ. ಕನ್ನಡದಲ್ಲಿ ‘ಒಕ್ಕಲು’ ಎಂಬ ಪದಕ್ಕೆ ಬೇಸಾಯಗಾರ ಎಂಬ ಅರ್ಥವಿದೆ, ಮನೆತನ ಎಂಬ ಅರ್ಥವಿದೆ, ಮತ್ತೊಬ್ಬರ ನೆಲದಲ್ಲಿ ಇರುವವನು ಎಂಬ ಅರ್ಥವೂ ಇದೆ. ಕಣದಲ್ಲಿ ತೆನೆ ಬಡಿದು ಕಾಳು ಬಿಡಿಸುವ ‘ಒಕ್ಕು’ ಎಂಬ ಕ್ರಿಯೆಯ ನೆರೆಯಲ್ಲೇ ಈ ಪದ ನಿಲ್ಲುತ್ತದೆ. ದೇವರಿಗೂ ಮಠಕ್ಕೂ ಒಕ್ಕಲಿರುತ್ತಾರೆ. ‘ಒಕ್ಕಲಾಗು’ ಎಂದರೆ ಬಂದು ನೆಲಸುವುದು, ‘ಒಕ್ಕಲೆಬ್ಬಿಸು’ ಎಂದರೆ ನೆಲೆ ತಪ್ಪಿಸುವುದು. ಬೇಸಾಯವನ್ನು ಸೂಚಿಸುವ ಪದದೊಳಗೇ ಎಬ್ಬಿಸಿ ಕಳುಹಿಸುವ ಸಾಧ್ಯತೆಯೂ ಅಡಗಿದೆ. ‘ಒಡೆಯ’ ಎಂಬ ಪದದಲ್ಲಿ ಆ ಅಳುಕಿಲ್ಲ. ಶಾಸನಗಳನ್ನು ಓದುವ ಸಾಹಿತ್ಯದ ವಿದ್ಯಾರ್ಥಿಗಳು ಈ ಎರಡು ಪದಗಳ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ದಾನಶಾಸನದ ಒಣ ವಿವರಗಳು ಬೇರೆಯಾಗಿಯೇ ಕಾಣುತ್ತವೆ.

ದಾವಣಗೆರೆ ಹಾಗೂ ಹರಿಹರದ ಸುತ್ತಿನ ನಾಡು ಹಿಂದೆ ನೊಳಂಬವಾಡಿಗೆ ಸೇರಿತ್ತು. ಕಲ್ಯಾಣದ ಚಾಲುಕ್ಯರ ಸಾಮಂತರಾದ ಪಾಂಡ್ಯರು ಉಚ್ಚಂಗಿಯಿಂದ ಈ ಭಾಗವನ್ನು ಆಳಿದರು. ದಾವಣಗೆರೆಯ ಮಗ್ಗುಲಿನ ಬೇತೂರು ಆ ಕಾಲದ ಪ್ರಮುಖ ಊರು. ಅನಂತರ ಹೊಯ್ಸಳರು, ಸೇವುಣರು, ವಿಜಯನಗರದವರು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ಹರಿಹರದ ಶಾಸನಗಳು ದಾವಣಗೆರೆ ತಾಲೂಕಿನ ಭಾಗವಾಗಿಯೇ ಬೆಳಕಿಗೆ ಬಂದವು. ಈ ಶಾಸನಗಳಲ್ಲಿ ಹೆಚ್ಚಿನವು ಭೂಮಿಯ ಕೈಬದಲಾವಣೆಯ ದಾಖಲೆಗಳು. ರಾಜನ ಪ್ರಶಸ್ತಿ ಹತ್ತು ಸಾಲು ಹಾಡಿ ಮುಗಿದ ಮೇಲೆ ಶಾಸನ ನೆಲಕ್ಕಿಳಿಯುತ್ತದೆ: ಇಷ್ಟು ಮತ್ತರು ಕೆಯ್, ಇಷ್ಟು ಕಮ್ಮ ತೋಟ, ಇಂಥ ಕೆರೆಯ ಕೆಳಗಣ ಗದ್ದೆ, ಮೂಡಲು ಇಂಥ ಹುತ್ತ, ತೆಂಕಲು ಇಂಥ ಹಳ್ಳ. ಕಾವ್ಯದ ವಿದ್ಯಾರ್ಥಿ ಸಾಮಾನ್ಯವಾಗಿ ಇಲ್ಲಿಗೆ ಪುಟ ಮಗುಚುತ್ತಾನೆ. ಊರಿನ ಚರಿತ್ರೆ ಶುರುವಾಗುವುದು ಇಲ್ಲಿಂದ.

ಆ ಅಳತೆಯೂ ಎಲ್ಲ ಕಡೆ ಒಂದೇ ಆಗಿರಲಿಲ್ಲ. ನೆಲ ಅಳೆಯುವ ಕೋಲಿಗೆ ‘ಗಳೆ’ ಎನ್ನುತ್ತಿದ್ದರು, ಸೀಮೆಗೊಂದು ಗಳೆ. ಬಳ್ಳಿಗಾವೆಯ ಕಡೆ ಭೇರುಂಡ ಗಳೆ ಪ್ರಸಿದ್ಧ. ಕೋಲಿನ ಉದ್ದ ಯಾರ ಕೈಯಲ್ಲಿತ್ತೋ ಹೊಲದ ಅಗಲವೂ ಅವರ ಕೈಯಲ್ಲಿತ್ತು ಎಂದು ಬೇರೆ ಹೇಳಬೇಕಿಲ್ಲ. ಏಳೆಂಟು ಶತಮಾನ ಕಳೆದ ಮೇಲೆ 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸಿಡಿದೆದ್ದುದಕ್ಕೂ ಗೇಣಿ ಅಳೆಯುವ ಕೊಳಗದ ಗಾತ್ರವೇ ಮುಖ್ಯ ನೆಪವಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ದಾನ ಪಡೆದವನಿಗೆ ಏನು ಸಿಗುತ್ತಿತ್ತು? ವಿಜಯನಗರ ಕಾಲದ ಶಾಸನಗಳು ಅದನ್ನು ‘ಅಷ್ಟಭೋಗ ತೇಜಸ್ವಾಮ್ಯ’ ಎನ್ನುತ್ತವೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಹಕ್ಕುಗಳು. ನೆಲದೊಳಗೆ ಹೂತಿಟ್ಟ ಹಣದಿಂದ ಹಿಡಿದು ಮುಂದೆ ಬರಬಹುದಾದ ಆದಾಯದವರೆಗೆ ಎಲ್ಲವನ್ನೂ ಈ ಪಟ್ಟಿ ಮುಟ್ಟುತ್ತದೆ. ಉಳುವವನ ಪಾಲು ಈ ಎಂಟರಲ್ಲಿ ಎಲ್ಲಿಯೂ ಹೆಸರಿಡಿದು ಬರುವುದಿಲ್ಲ. ಬಸದಿಗೆ ಬಿಟ್ಟ ನೆಲವಿರಲಿ, ಶಿವಾಲಯಕ್ಕೆ ಬಿಟ್ಟದ್ದಿರಲಿ, ಬ್ರಾಹ್ಮಣರ ಅಗ್ರಹಾರವಿರಲಿ, ದಾನದ ಭಾಷೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ದಾನವನ್ನು ಕಸಿದವನಿಗೆ ಅರುವತ್ತು ಸಾವಿರ ವರ್ಷಗಳ ಹುಳುಜನ್ಮದ ಶಾಪವಿದೆ. ಒಕ್ಕಲನ್ನು ಎಬ್ಬಿಸಿದವನಿಗೆ ಅಂಥ ಶಾಪ ಹಾಕುವ ರೂಢಿ ಬೆಳೆಯಲಿಲ್ಲ. ಹಾಗೆಂದು ಆ ಕಾಲದ ಒಕ್ಕಲು ಕೇವಲ ಆಳಾಗಿದ್ದ ಎನ್ನುವುದೂ ಸರಿಯಲ್ಲ. ದಾನ ಕೊಡುವ ಹೊತ್ತಿನಲ್ಲಿ ಗಾವುಂಡರೂ ಊರ ಪ್ರಜೆಗಳೂ ಸಾಕ್ಷಿಗಳಾಗಿ ನಿಲ್ಲುತ್ತಿದ್ದರು. ಬಹುಮಟ್ಟಿಗೆ ದಾನದಲ್ಲಿ ಕೈ ಬದಲಾಗುತ್ತಿದ್ದುದು ಅರಸನಿಗೆ ಸಲ್ಲುತ್ತಿದ್ದ ಪಾಲು. ಉಳುವ ಕೈ ಇದ್ದಲ್ಲೇ ಇರುತ್ತಿತ್ತು. ಯಾವ ಒಡೆಯ ಬಂದರೂ ಉಳುವವನಿಲ್ಲದೆ ಆತನಿಗೆ ಅನ್ನವಿರಲಿಲ್ಲ.

ಒಡೆತನ ನೀರನ್ನು ಹಿಂಬಾಲಿಸುವ ಬಗೆಯನ್ನು ಅರಿಯಲು ಹರಿಹರಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥ ಪೋಲಾಳ್ವ ಕಟ್ಟಿಸಿದ. 1268ರಲ್ಲಿ, ಸೋಮನಾಥಪುರವನ್ನು ನಿರ್ಮಿಸಿದ ಸೋಮ ದಂಡನಾಯಕನೇ ಅದನ್ನು ವಿಸ್ತರಿಸಿದ. ದೇವರ ಭೂಮಿ, ಮಹಾಜನರ ವೃತ್ತಿಗಳು ಒಂದರ ಪಕ್ಕ ಒಂದು ಬೆಳೆದವು. ಸೂಳೆಕೆರೆಯಿಂದ ಹೊರಟು ಹರಿಹರದ ಬಳಿ ತುಂಗಭದ್ರೆಯನ್ನು ಕೂಡುವ ಹರಿದ್ರಾ ನದಿಗೆ 1410ರಲ್ಲಿ, ಒಂದನೆಯ ದೇವರಾಯನ ಆಳ್ವಿಕೆಯಲ್ಲಿ, ಅಣೆಕಟ್ಟು ಹಾಕಿ ಕಾಲುವೆ ತೆಗೆಯಲಾಯಿತು. ಅದರ ಶಾಸನ ಇಂದಿನ ನೀರಾವರಿ ಇಲಾಖೆಯ ಕಡತದಷ್ಟೇ ಲೆಕ್ಕಾಚಾರದ್ದು. ದೇವಾಲಯಕ್ಕೂ ಕಾಲುವೆ ತೆಗೆಸಿದ ಬ್ರಾಹ್ಮಣರಿಗೂ ಪಾಲು ಹೇಗೆ ಸಲ್ಲಬೇಕೆಂಬ ಕಟ್ಟಳೆಯನ್ನು ಅದು ಬರೆದಿಡುತ್ತದೆ. ಕೆಲವೇ ವರ್ಷಗಳಲ್ಲಿ ಕಟ್ಟೆ ಒಡೆಯಿತು. 1424ರಲ್ಲಿ, ಇಮ್ಮಡಿ ದೇವರಾಯನ ಕಾಲಕ್ಕೆ, ಅದನ್ನು ಮತ್ತೆ ಕಟ್ಟಿಸಿದ ಸಂಗತಿಯನ್ನು ಇನ್ನೊಂದು ಶಾಸನ ಹೇಳುತ್ತದೆ. ಮಳೆಯನ್ನೇ ನಂಬಿದ ನೆಲಕ್ಕೆ ಕಾಲುವೆ ಬಂದೊಡನೆ ಹಕ್ಕಿನ ಹಂಚಿಕೆ ಹೊಸದಾಗಿ ನಡೆಯುತ್ತದೆ ಎಂಬ ಈ ಮಾತು, ಐದೂವರೆ ಶತಮಾನದ ತರುವಾಯ ಭದ್ರಾ ನಾಲೆಯ ಕೆಳಗೆ ಹದಡಿಯ ಬಯಲಿನಲ್ಲಿ ಮತ್ತೊಮ್ಮೆ ನಿಜವಾಯಿತು.

ಕೆರೆಯ ವಿಷಯದಲ್ಲಿ ಹಳಬರ ವ್ಯವಸ್ಥೆ ಇನ್ನೂ ಸೂಕ್ಷ್ಮವಾಗಿತ್ತು. ಕೆರೆ ಕಟ್ಟಿದವನಿಗೆ ಅಥವಾ ಅದನ್ನು ರಿಪೇರಿ ಮಾಡುತ್ತ ಬರುವವನಿಗೆ ಬಿಟ್ಟ ನೆಲ ‘ಕೊಡಗಿ’. ಕೆರೆಯ ಕೆಳಗಿನ ಬೆಳೆಯಲ್ಲಿ ಅದರ ಜೀರ್ಣೋದ್ಧಾರಕ್ಕೆಂದು ತೆಗೆದಿಡುವ ಪಾಲು ‘ಬಿತ್ತುವಟ್ಟ’. ಕೆಲಸ ನಿಂತರೆ ಹಕ್ಕೂ ನಿಲ್ಲಬೇಕೆಂಬ ತರ್ಕ ಇದರ ಹಿಂದೆ ಇದೆ. ನೆಲದ ಒಡೆತನವನ್ನು ದುಡಿಮೆಗೆ ಕಟ್ಟಿಹಾಕಿದ ಅಪರೂಪದ ಏರ್ಪಾಡು ಇದು. ಮುಂದಿನ ಕಾಲದ ಉಂಬಳಿ, ಇನಾಮುಗಳಲ್ಲಿ ಈ ಕಟ್ಟು ಸಡಿಲವಾಗುತ್ತ ಬಂದು, ಸೇವೆ ಮರೆತುಹೋದರೂ ಹೊಲ ಮಾತ್ರ ಮನೆತನದಲ್ಲಿ ಉಳಿಯುವಂತಾಯಿತು.

ವಿಜಯನಗರದ ಪತನಾನಂತರದ ಎರಡು ಶತಮಾನಗಳನ್ನು ಬೇಗ ದಾಟಬಹುದು. ಚಿತ್ರದುರ್ಗದ ನಾಯಕರು, ಸಂತೇಬೆನ್ನೂರಿನ ನಾಯಕರು, ಕೆಳದಿಯವರು, ಬಿಜಾಪುರದ ದಂಡು, ಮರಾಠರು, ಕೊನೆಗೆ ಹೈದರಾಲಿ. ಈ ಬಯಲು ಎಲ್ಲರ ಗಡಿಯಾಗಿತ್ತು, ಎಲ್ಲರ ದಾರಿಯೂ ಆಗಿತ್ತು. 1779ರಲ್ಲಿ ಚಿತ್ರದುರ್ಗ ಹೈದರನ ವಶವಾಯಿತು. ಯುದ್ಧಕಾಲದಲ್ಲಿ ಒಕ್ಕಲು ಮಾಡುತ್ತಿದ್ದ ಪ್ರತಿಭಟನೆ ಒಂದೇ: ರಾತ್ರೋರಾತ್ರಿ ಎತ್ತು ಹೊಡೆದುಕೊಂಡು ಊರು ಬಿಡುವುದು. ಬಿಟ್ಟುಹೋದವರನ್ನು ಮರಳಿ ಕರೆತರಲು ಆಳುವವರು ‘ಕೌಲು’ ಕೊಡುತ್ತಿದ್ದರು. ಮೊದಲ ವರ್ಷಗಳಲ್ಲಿ ಕಡಿಮೆ ಕಂದಾಯ, ಬರಬರುತ್ತ ಹೆಚ್ಚು. ಯಾರೂ ಮರಳಿ ಬಾರದ ಊರು ದಫ್ತರದಲ್ಲಿ ‘ಬೇಚಿರಾಕ್’ ಆಯಿತು. ದೀಪವಿಲ್ಲದ್ದು ಎಂಬುದು ಆ ಪಾರಸಿ ಮಾತಿನ ಅರ್ಥ. ಕಂದಾಯ ಇಲಾಖೆಯ ಗ್ರಾಮಪಟ್ಟಿಗಳಲ್ಲಿ ಇಂದಿಗೂ ಈ ಪದವಿದೆ. ಮನೆಯೊಂದೂ ಇಲ್ಲದ, ಸರ್ವೆ ನಂಬರುಗಳು ಮಾತ್ರ ಇರುವ ಊರುಗಳವು. ಸರ್ಕಾರಿ ಭಾಷೆ ತಿಳಿಯದೆಯೇ ಹೇಳಿಬಿಟ್ಟ ಒಳ್ಳೆಯ ರೂಪಕ ಇದು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಮಲ್ದಾರರು ಇಷ್ಟು ವಸೂಲಿ ಮಾಡಿಕೊಡುತ್ತೇವೆಂದು ಕರಾರು ಬರೆದುಕೊಡುವ ‘ಶರ್ತಿ’ ಪದ್ಧತಿ ರೈತರನ್ನು ಹಿಂಡಿತು. 1830-31ರಲ್ಲಿ ನಗರ ಸೀಮೆಯಲ್ಲಿ ಎದ್ದ ರೈತ ದಂಗೆ ಹೊನ್ನಾಳಿಯವರೆಗೆ ಹಬ್ಬಿತು. ಹರಿಹರದಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ಕಾಲ ಅದು. ದಂಗೆ ಅಡಗಿತು, ಆದರೆ ಅದರ ನೆಪದಲ್ಲಿ 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರರ ಕೈಗೆ ಹೋಯಿತು. ಸರ್ಕಾರದ ಪಾಲನ್ನು ಕಣದಲ್ಲೇ ಕಾಳಾಗಿ ಹಂಚುವ ‘ಬಟಾಯಿ’ ಹಿಂದೆ ಸರಿದು ನಗದು ಕಂದಾಯ ಮುಂದೆ ಬಂದಿತು. ಅಧಿಕಾರಿ ಬರುವವರೆಗೆ ರಾಶಿ ಮುಟ್ಟಬಾರದೆಂಬ ಕಾಟ ತಪ್ಪಿತು. ಅದಕ್ಕೆ ಬದಲಾಗಿ, ಬೆಳೆ ಬಂದರೂ ಬಾರದಿದ್ದರೂ ಹಣ ಹೊಂದಿಸುವ ಕಾಟ ಶುರುವಾಯಿತು, ಅದರೊಂದಿಗೆ ಸಾಹುಕಾರನ ಮನೆಯ ಮೆಟ್ಟಿಲು ಹತ್ತುವುದೂ.

ಈ ಸೀಮೆಯ ಭೂಚರಿತ್ರೆಯಲ್ಲಿ ನಿಜವಾದ ತಿರುವು 1863. ಆ ವರ್ಷ ಮುಂಬೈ ಪ್ರಾಂತದ ಮಾದರಿಯಲ್ಲಿ ಮೈಸೂರಿನ ಕಂದಾಯ ಸರ್ವೆ ಪ್ರಾರಂಭವಾದದ್ದು ಚಿತ್ರದುರ್ಗ ಜಿಲ್ಲೆಯಿಂದ. ಹೊಸ ಬಂದೋಬಸ್ತು ಮೊದಲು ಜಾರಿಯಾದ ತಾಲೂಕುಗಳಲ್ಲಿ ಹರಿಹರ ಸೇರಿತ್ತು. ಸೀಮೆಗೊಂದು ಗಳೆ ಇದ್ದ ನಾಡಿಗೆ 33 ಅಡಿಯ ಸರಪಳಿ ಬಂದಿತು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಗುಂಟೆ. 40 ಗುಂಟೆಗೆ ಎಕರೆ. ಮಣ್ಣಿನ ಬಣ್ಣ, ಆಳ, ಹರಳು, ನೀರಿನ ಆಸರೆಗಳನ್ನು ನೋಡಿ ಆಣೆಗಳ ಲೆಕ್ಕದಲ್ಲಿ ದರ್ಜೆ ಕಟ್ಟಿದರು. ಖುಷ್ಕಿ, ತರಿ, ಬಾಗಾಯ್ತು ಎಂಬ ವಿಂಗಡಣೆ ಭದ್ರವಾಯಿತು. ‘ಹುಣಸೆಮರದ ಹೊಲ’, ‘ಬಸವಣ್ಣನ ಮಾನ್ಯ’, ‘ದೊಡ್ಡ ಎರೆ’ ಎಂಬಂಥ ಹೆಸರುಗಳಿಂದ ಗುರುತಾಗುತ್ತಿದ್ದ ಹೊಲಗಳು ಸರ್ವೆ ನಂಬರುಗಳಾದವು. ಹುತ್ತ, ಹಳ್ಳ, ಆಲದಮರಗಳ ಬದಲು ಬಾಂದುಕಲ್ಲು ಎಲ್ಲೆಯಾಯಿತು. ಹಳೆಯ ಹೆಸರುಗಳು ಸತ್ತವೆಂದಲ್ಲ. ಅವು ಬಾಯಲ್ಲಿ ಉಳಿದವು, ಕಚೇರಿಯಲ್ಲಿ ಉಳಿಯಲಿಲ್ಲ. ಸ್ಥಳನಾಮಗಳ ಅಧ್ಯಯನ ಮಾಡುವವರು ಊರಿನ ಹೆಸರಿನಲ್ಲೇ ನಿಂತುಬಿಡದೆ ಹೊಲದ ಹೆಸರುಗಳವರೆಗೆ ಇಳಿಯಬೇಕು ಎನ್ನುವುದು ಇದಕ್ಕಾಗಿಯೇ. ಅಡಿಕೆ ತೋಟ ಎದ್ದಂತೆಲ್ಲ, ಬಡಾವಣೆ ಹಬ್ಬಿದಂತೆಲ್ಲ ಆ ಹೆಸರುಗಳನ್ನು ಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ.

ಸರ್ವೆಯವರ ಪ್ರಶ್ನೆ ‘ಈ ನೆಲ ಯಾರದು’ ಎಂಬುದಾಗಿರಲಿಲ್ಲ, ‘ಈ ನೆಲದ ಕಂದಾಯ ಯಾರು ಕಟ್ಟುತ್ತಾರೆ’ ಎಂಬುದಾಗಿತ್ತು. ಕಟ್ಟುವೆನೆಂದವನು ಖಾತೆದಾರನಾದ. ಹೊಣೆಯ ಪತ್ರ ಹೀಗೆ ಮೆಲ್ಲಗೆ ಹಕ್ಕಿನ ಪತ್ರವಾಯಿತು. ಅದನ್ನು ಮಾರಬಹುದಾಯಿತು, ಅಡವಿಡಬಹುದಾಯಿತು. ಬರೆಯಬಲ್ಲ ಶಾನುಭೋಗನೂ ಬೆಂಬಲವಿದ್ದ ಗೌಡನೂ ಹಣವಿದ್ದ ವರ್ತಕನೂ ಖಾತೆಯೊಳಗೆ ಸುಲಭವಾಗಿ ಬಂದರು. ಅವರ ಹೊಲ ಉಳುತ್ತಿದ್ದವರು ಕೋರು, ಲಾವಣಿ, ಗುತ್ತಿಗೆಗಳ ಬಾಯಿಮಾತಿನಲ್ಲಿ ಹೊರಗುಳಿದರು. 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಐದನೆಯ ಒಂದು ಭಾಗದಷ್ಟು ಜನ ಇಲ್ಲವಾದರು. ಖಾತೆಗಳ ಕೈಬದಲಾವಣೆಗೆ ಇಂಥ ವರ್ಷಗಳಿಗಿಂತ ಅನುಕೂಲವಾದ ಕಾಲವಿಲ್ಲ.

ಒಕ್ಕಲಿಗೂ ಕೆಳಗೆ ಇನ್ನೊಂದು ಮೆಟ್ಟಿಲಿತ್ತು. ಶಿವರಾಮ ಕಾರಂತರ ‘ಚೋಮನ ದುಡಿ’ಯ ಚೋಮ ಕೇಳುವುದು ಭೂಮಿಯ ಒಡೆತನವನ್ನಲ್ಲ, ಗೇಣಿಗೆ ಒಂದು ತುಂಡು ಗದ್ದೆಯನ್ನು. ಅದೂ ಅವನ ಜಾತಿಯ ಕಾರಣಕ್ಕೆ ನಿಷೇಧ. ತುಳುನಾಡಿನ ಕಥೆ ಅದು. ಬಯಲುಸೀಮೆಯಲ್ಲಿ ಊರ ತಳವಾರ, ತೋಟಿಗಳಿಗೆ ಚಾಕರಿಯ ಬದಲಿಗೆ ಒಂದಿಷ್ಟು ಉಂಬಳಿ ಹೊಲವಿತ್ತು. ಅದು ಅವರ ದುಡಿಮೆಗೆ ಕೂಲಿ, ಅವರನ್ನು ಚಾಕರಿಗೆ ಕಟ್ಟಿಹಾಕುವ ಹಗ್ಗವೂ ಹೌದು.

ಸ್ವಾತಂತ್ರ್ಯಾನಂತರ ಕಾನೂನುಗಳು ಒಂದರ ಹಿಂದೊಂದು ಬಂದವು. 1954ರ ಹಾಗೂ 1955ರ ಕಾಯ್ದೆಗಳು ಹಳೆಯ ಮೈಸೂರು ಭಾಗದ ವೈಯಕ್ತಿಕ ಮತ್ತು ಧಾರ್ಮಿಕ ಇನಾಮುಗಳನ್ನು ರದ್ದುಪಡಿಸಿದವು. ಶಾಸನಗಳಲ್ಲಿ ಚಂದ್ರ ಸೂರ್ಯರಿರುವವರೆಗೆ ಎಂದು ಕೊರೆದಿದ್ದ ದಾನಗಳ ಮುಂದುವರಿಕೆಯೆಂದೇ ಬಂದಿದ್ದ ಹಕ್ಕುಗಳು ಗೆಜೆಟ್‌ನ ಒಂದು ಪ್ರಕಟಣೆಯಿಂದ ಕೊನೆಗೊಂಡವು. 1961ರ ಕಾಯ್ದೆ ಪಟೇಲ, ಶಾನುಭೋಗ, ತಳವಾರ, ತೋಟಿ ಮೊದಲಾದ ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ತೆಗೆದುಹಾಕಿತು. ಉಂಬಳಿ ಭೂಮಿಯನ್ನು ಅವರಿಗೆ ಮರುಮಂಜೂರು ಮಾಡಲು ದಾರಿ ತೆರೆಯಿತು.

ಇದೇ ಕಾಲಕ್ಕೆ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯ ಏಳುತ್ತಿತ್ತು. 1947ರಲ್ಲಿ ಪ್ರಾರಂಭವಾದ ಕಾಮಗಾರಿ 1960ರ ದಶಕದ ನಡುವಿಗೆ ಪೂರ್ಣಗೊಂಡಿತು, 71.5 ಟಿಎಂಸಿ ಸಾಮರ್ಥ್ಯದ ಆ ಜಲಾಶಯದ ಬಲದಂಡೆ ನಾಲೆ, ಅದರ ಕವಲುಗಳ ಮೂಲಕ ದಾವಣಗೆರೆ, ಹರಿಹರಗಳತ್ತ ಹರಿಯಿತು. ಜೋಳ, ಹತ್ತಿ, ನವಣೆ ಬೆಳೆಯುತ್ತಿದ್ದ ಎರೆಹೊಲ ಗದ್ದೆಯಾಯಿತು. ಯೋಜನೆಯಲ್ಲಿ ಅರೆನೀರಾವರಿ ಬೆಳೆಗಳಿಗೆ ದೊಡ್ಡ ಪಾಲಿದ್ದರೂ ರೈತರು ಭತ್ತಕ್ಕೆ, ಆಮೇಲೆ ಅಡಿಕೆಗೆ ಹೊರಳಿದರು. ನಾಲೆಯ ತಲೆಭಾಗದಲ್ಲಿ ನೀರು ಹೆಚ್ಚು ಹಿಡಿದಷ್ಟೂ ಕೊನೆಭಾಗದ ದಾವಣಗೆರೆ, ಹರಿಹರದ ಹಳ್ಳಿಗಳಲ್ಲಿ ಗದ್ದೆ ಬಿರಿಯುವುದು, ಬೇಸಿಗೆ ಬೆಳೆಗೆ ನೀರು ಕೇಳಿ ರೈತರು ರಸ್ತೆಗಿಳಿಯುವುದು ವರ್ಷದ ಕ್ಯಾಲೆಂಡರಿನ ಭಾಗವೇ ಆಗಿಬಿಟ್ಟಿದೆ. 1410ರ ಶಾಸನ ನೀರನ್ನು ಹಂಚುವ ಮೊದಲು ಕಟ್ಟಳೆಯನ್ನು ಕಲ್ಲಿನ ಮೇಲೆ ಬರೆಸಿತ್ತು. ಭದ್ರಾ ಅಚ್ಚುಕಟ್ಟಿನ ಕಟ್ಟಳೆ ಕಾಗದದಲ್ಲಿದೆ, ನೀರು ತೂಬಿನ ಬಳಿ ಇದೆ.

ನಾಲೆಯಿಂದ ನೆಲದ ಬೆಲೆ ಏರಿದ ಹೊತ್ತಿಗೇ ಗೇಣಿಯ ಕಾನೂನು ಬಿಗಿಯಾಯಿತು ಎಂಬುದನ್ನು ಚರಿತ್ರಕಾರರು ಇನ್ನೂ ಸಾಕಷ್ಟು ಒಟ್ಟಿಗೆ ಇಟ್ಟು ನೋಡಿಲ್ಲ. 1961ರ ಭೂಸುಧಾರಣಾ ಕಾಯ್ದೆ 1965ರಲ್ಲಿ ಜಾರಿಗೆ ಬಂದಿತು. ಸ್ವಂತ ಸಾಗುವಳಿಯ ನೆಪದಲ್ಲಿ ಗೇಣಿದಾರನನ್ನು ಬಿಡಿಸಲು ಅದರಲ್ಲಿ ಕಂಡಿಯಿತ್ತು. ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ ಆ ಕಂಡಿಯನ್ನು ಮುಚ್ಚಿತು: 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಭೂಮಿ ಸರ್ಕಾರಕ್ಕೆ ಸೇರಿತು, ಅದನ್ನು ಉಳುತ್ತಿದ್ದವನು 7ನೆಯ ನಮೂನೆಯಲ್ಲಿ ಅರ್ಜಿ ಹಾಕಬೇಕು, ಭೂನ್ಯಾಯಮಂಡಳಿ ವಿಚಾರಿಸಿ ಅಧಿಭೋಗದ ಹಕ್ಕು ಕೊಡಬೇಕು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅರ್ಜಿಯ ಕೊನೆಯ ದಿನ 1979ರ ಜೂನ್ 30ರವರೆಗೆ ಮುಂದೆ ಹೋಯಿತು. ರಾಜ್ಯದಲ್ಲಿ ಎಂಟು ಲಕ್ಷದಷ್ಟು ಅರ್ಜಿಗಳು ಬಂದವು. ಎಂಟುನೂರು ವರ್ಷಗಳ ಬರಹದಲ್ಲಿ ಒಕ್ಕಲು ತಾನೇ ಮುಂದೆ ಬಂದು ತನ್ನ ಹೆಸರನ್ನು ಬರೆಸಿದ ಗಳಿಗೆ ಇದು. ಕಾಗದದ ಮೇಲಾದರೂ ಒಕ್ಕಲು ಮತ್ತು ಒಡೆಯ ಇಲ್ಲಿ ಒಂದಾದರು. ಹೆಬ್ಬೆಟ್ಟಿನ ಗುರುತುಗಳ ಆ ಅರ್ಜಿಗಳು ತಾಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿವೆ. ಸಾಮಾಜಿಕ ಚರಿತ್ರೆಯ ಸಂಶೋಧಕರಿಗೆ ಅವು ಶಾಸನಗಳಿಗಿಂತ ಕಡಿಮೆಯವಲ್ಲ. ಗೆದ್ದಲು ಕಲ್ಲನ್ನು ತಿನ್ನದು, ಕಾಗದವನ್ನು ತಿನ್ನುತ್ತದೆ ಎಂಬುದಷ್ಟೇ ವ್ಯತ್ಯಾಸ.

ಅರ್ಜಿ ಹಾಕಲು ಧೈರ್ಯ ಬೇಕಿತ್ತು. ಧಣಿಯ ದಾಕ್ಷಿಣ್ಯಕ್ಕೆ, ಸಾಲದ ಭಾರಕ್ಕೆ, ‘ಉಂಡ ಮನೆಯ ಜಂತೆ ಎಣಿಸಬಾರದು’ ಎಂಬ ನಂಬಿಕೆಗೆ ಸುಮ್ಮನಿದ್ದವರೂ ಉಂಟು. ಗೇಣಿದಾರನಲ್ಲದ ಕೂಲಿಯಾಳಿಗೆ, ಜೀತದಾಳಿಗೆ ಈ ಕಾಯ್ದೆಯಲ್ಲಿ ಜಮೀನು ಸಿಗುವ ದಾರಿ ತೀರ ಕಿರಿದಾಗಿತ್ತು. ಗೇಣಿ ಮಾಡುವ ಯೋಗ್ಯತೆಯನ್ನೇ ಜಾತಿ ನಿರಾಕರಿಸಿದ ಕಡೆ ಗೇಣಿದಾರರ ಕಾಯ್ದೆ ಚೋಮನ ಮಕ್ಕಳಿಗೆ ಏನು ಕೊಟ್ಟೀತು? ಸರ್ಕಾರ ಮಂಜೂರು ಮಾಡಿದ ದಲಿತರ ಭೂಮಿ ಪರಭಾರೆಯಾಗದಂತೆ ತಡೆಯಲು 1978ರಲ್ಲಿ ಬೇರೆ ಕಾನೂನು ತರಬೇಕಾಯಿತು. ಹೆಣ್ಣುಮಕ್ಕಳ ಹೆಸರು ಪಿತ್ರಾರ್ಜಿತದ ಲೆಕ್ಕಕ್ಕೆ ಬಂದದ್ದು ಇನ್ನೂ ತಡ, ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ. ನಾಟಿ ಹಾಕುವ, ಕಳೆ ಕೀಳುವ ಕೈ ಹೆಂಗಸರದೇ ಆದರೂ ಹಕ್ಕುಪತ್ರದ ಹೆಬ್ಬೆಟ್ಟು ಬಹುಪಾಲು ಗಂಡಸರದಾಗಿತ್ತು. ತಾಂಡಾ, ಹಟ್ಟಿ, ಕ್ಯಾಂಪುಗಳಂಥ ದಾಖಲೆಯಿಲ್ಲದ ವಸತಿಗಳ ಕಥೆ ಬೇಚಿರಾಕ್ ಊರಿಗೆ ನೇರ ತಿರುವುಮುರುವು: ದೀಪವಿದೆ, ಸರ್ಕಾರಿ ಪುಸ್ತಕದಲ್ಲಿ ಊರಿಲ್ಲ. ಅಲ್ಲಿಯ ನಿವಾಸಿಗಳಿಗೆ ತಾವು ಕಟ್ಟಿಕೊಂಡ ಮನೆಯ ಅಡಿಯ ನೆಲದ ಮೇಲೆ ಹಕ್ಕು ಕೊಡುವ ತಿದ್ದುಪಡಿ ಜಾರಿಗೆ ಬಂದದ್ದು 2017ರ ಹೊತ್ತಿಗೆ.

ಈ ನಡುವೆ ದಾವಣಗೆರೆ 1997ರಲ್ಲಿ ಜಿಲ್ಲೆಯಾಯಿತು, ನಗರ ಹದಡಿ ರಸ್ತೆಯ ಗುಂಟ ಬೆಳೆಯಿತು, ಎಕರೆಯ ಮಾತು ಹೋಗಿ ಅಡಿಯ ಮಾತು ಬಂದಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂಬ ನಿರ್ಬಂಧವನ್ನು 2020ರ ತಿದ್ದುಪಡಿ ತೆಗೆದುಹಾಕಿತು. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆಯಿಂದ ಶಾನುಭೋಗರ ವಾರಸುದಾರಿಕೆಯಂತಿದ್ದ ಕೈಬರಹದ ಪಹಣಿ ಕೊನೆಗೊಂಡು, ಕಿಟಕಿಯಾಚೆಯಿಂದ ಮುದ್ರಿತ ಹಾಳೆ ಕೈಗೆ ಬರತೊಡಗಿತು.

ಆ ಹಾಳೆಯ 9ನೆಯ ಕಾಲಮ್ಮಿನಲ್ಲಿ ಸ್ವಾಧೀನದಾರನ ಹೆಸರಿದೆ, 11ರಲ್ಲಿ ಸಾಲ ಮತ್ತಿತರ ಋಣಗಳಿವೆ, 12ರಲ್ಲಿ ಸಾಗುವಳಿಯ ವಿವರ. 1974ರ ಬಳಿಕ ಗೇಣಿಗೆ ಕೊಡುವುದೇ ಕಾನೂನಿಗೆ ವಿರುದ್ಧವಾದ್ದರಿಂದ 12ನೆಯ ಕಾಲಂ ‘ಸ್ವಂತ’ ಎಂದೇ ಹೇಳುತ್ತದೆ. ಮಕ್ಕಳು ಬೆಂಗಳೂರಿಗೋ ದಾವಣಗೆರೆಗೋ ಹೋಗಿ ನೆಲಸಿದ ಮನೆಗಳ ಗದ್ದೆಯನ್ನು ಲಾವಣಿಗೆ ಹಿಡಿದು, ಗೊಬ್ಬರಕ್ಕೆ ಸಾಲ ಮಾಡಿ, ನಾಲೆಯ ಸರದಿಗಾಗಿ ರಾತ್ರಿ ಕಾದು ಭತ್ತ ಬೆಳೆಯುವ ಭೂರಹಿತ ಕುಟುಂಬದ ಹೆಸರು ಆ ಹಾಳೆಯಲ್ಲಿ ಎಲ್ಲಿಯೂ ಇಲ್ಲ. ಅಕಾಲ ಮಳೆಗೆ ಪೈರು ಮಲಗಿದ ವರ್ಷ ಬೆಳೆ ಪರಿಹಾರದ ಹಣ 9ನೆಯ ಕಾಲಮ್ಮಿನವರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಲಾವಣಿಯ ಬಾಕಿ ಗದ್ದೆಯಲ್ಲಿ ನಿಂತವನ ಮೇಲೆ ಉಳಿಯುತ್ತದೆ.